ಹಳದಿ ಚೀಟಿ ಅಂಟಿಸಿದ ಮಷೀನು

೨೦೦೬ರ ಮಳೆಗಾಲ. ಮಳಖೇಡದ ಪ್ರಹ್ಲಾದರಾಯರು ಹೆಂಡತಿ ಪದ್ಮಾಬಾಯಿಯನ್ನು ಸೇಡಂನ ಖಾಸಗಿ ಆಸ್ಪತ್ರೆಗೆ ಕರೆತಂದಾಗ ಅವರ ಹಿಂದೆಯೇ ಆಕ್ಸಿಜನ್ ಮಷೀನೂ ಬಂತು. ಪದ್ಮಾಬಾಯಿಯ ಶ್ವಾಸಕೋಶ ಸೋತು ಎರಡು ವರ್ಷವಾಗಿತ್ತು. ಅಳಿಯ ಹೈದರಾಬಾದಿನಿಂದ ಕೊಂಡುತಂದ ಆ ಮಷೀನಿನ ನಳಿಕೆ ಮೂಗಿನಲ್ಲಿದ್ದರೇ ಆಕೆಗೆ ನಿದ್ದೆ.

ವಾರ್ಡಿನ ಸಿಸ್ಟರ್ ಲುಂಬಿನಿ ಮಷೀನಿನ ಹತ್ತಿರ ಬಾಗಿದಳು. ಗಾಳಿಗೆ ತೇವ ಕೊಡುವ ನೀರಿನ ಬಾಟಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ರಾಯರು ಅಡ್ಡ ಬಂದರು.

"ಅದನ್ನ ಮುಟ್ಟಬ್ಯಾಡ್ರಿ ಸಿಸ್ಟರ್. ಕಾಗಿಣಾ ಹೊಳಿ ನೀರದ, ಮಡೀಲೆ ತಂದದ್ದು. ನಾನೇ ಹಾಕ್ತೀನಿ."

ಆಕೆಯ ಎದೆಪಟ್ಟಿಯ ಮೇಲಿನ ಹೆಸರನ್ನು ಓದಿ, ಜಾತಿ ಊಹಿಸಿಯೇ ಅವರು ಹಾಗೆಂದರೆಂದು ಲುಂಬಿನಿಗೆ ಗೊತ್ತಾಯಿತು. ಚಿತ್ತಾಪುರದ ಶಾಲೆಯಲ್ಲಿ ನೀರಿನ ಕೊಡದಿಂದ ದೂರ ನಿಲ್ಲಿಸಿಕೊಂಡವಳಿಗೆ ಆ ದನಿ ಹೊಸದಲ್ಲ. ಮೈ ಉರಿಯಿತು. ಮುಟ್ಟಬೇಡ ಎಂದರೆ ಮುಟ್ಟುವುದಿಲ್ಲ, ಹೋಗು ಎಂದುಕೊಂಡಳು.

ಮನೆಯಿಂದ ತಂದ ಉಸಿರಾಟದ ಮಷೀನು ಯಾವುದೇ ಇರಲಿ, ಇಲೆಕ್ಟ್ರಿಷಿಯನ್ ನಾಗೇಂದ್ರಪ್ಪ ಅದನ್ನು ಬಿಚ್ಚಿ ವೈರು, ಗಾಳಿ ಸೋಸುವ ಜಾಳಿಗಿ, ನಳಿಕೆ ನೋಡಬೇಕು; ನೋಡಿದ ಮೇಲೆ ಸಹಿ ಮಾಡಿದ ಹಳದಿ ಚೀಟಿ ಅಂಟಿಸಬೇಕು. ಇದು ಆಸ್ಪತ್ರೆಯ ನಿಯಮ. ನಾಗೇಂದ್ರಪ್ಪ ಮಾಡುತ್ತಿದ್ದುದೇ ಬೇರೆ. ಸೋಮವಾರ ಚಹಾ ಕುಡಿಯುತ್ತ ಒಂದು ಕಟ್ಟು ಚೀಟಿಗೆ ಸಹಿ ಹಾಕಿ ಸಿಸ್ಟರುಗಳ ಡ್ರಾವರಿಗೆ ಎಸೆದು ಹೋಗುತ್ತಿದ್ದ. ಅಂಟಿಸುವ ಕೆಲಸ ಇವರದು. ಲುಂಬಿನಿ ಒಂದು ಚೀಟಿ ಕಿತ್ತು ಪದ್ಮಾಬಾಯಿಯ ಮಷೀನಿಗೆ ಪಟ್ಟನೆ ಬಡಿದಳು. ರಾಯರಿಗೆ ಸಮಾಧಾನವಾಯಿತು. "ಚೆಕ್ ಆಗೇದ ನೋಡು" ಎಂದು ಹೆಂಡತಿಗೆ ಹೇಳಿದರು.

ಮೂರನೆಯ ದಿನ ಮಧ್ಯಾಹ್ನ ಪದ್ಮಾಬಾಯಿಗೆ ಚಳಿಜ್ವರ ಬಂತು. ಕೆಮ್ಮಿದರೆ ಹಸಿರು ಬೆರೆತ ಕಫ. ಕ್ಷಯವೋ ಏನೋ ಎಂದು ಡಾಕ್ಟರು ಕಫವನ್ನು ಪರೀಕ್ಷೆಗೆ ಕಳಿಸಿದರು. ಲುಂಬಿನಿ ನಳಿಕೆ ಸರಿಮಾಡಲು ಹತ್ತಿರ ಹೋದಾಗ ವಾಸನೆ ಬಡಿಯಿತು. ಕೊಳೆತ ಕೆರೆಯ ವಾಸನೆ. ಅದು ಬರುತ್ತಿದ್ದುದು ಪದ್ಮಾಬಾಯಿಯ ಮೂಗಿನೊಳಗಿಟ್ಟ ನಳಿಕೆಯಿಂದ.

ತಡಮಾಡದೆ ಆಸ್ಪತ್ರೆಯ ಸಿಲಿಂಡರ್ ಎಳೆದು ಜೋಡಿಸಿ ಮಷೀನು ಬಂದ್ ಮಾಡಿದಳು. ರಾಯರು ಎದ್ದು ಬಂದರು. ಈ ಸಲ ಆಕೆ ಕೇಳಲಿಲ್ಲ, ಬಾಟಲಿ ತಿರುವಿ ತೆಗೆದಳು. ತಳದಲ್ಲಿ ಬೆರಳು ದಪ್ಪ ಪಾಚಿ, ಮೂಗಿನ ಸಿಂಬಳದಂತೆ ಜೋಲುತ್ತಿತ್ತು. ನಳಿಕೆಯ ಒಳಮೈಗೆ ಕರಿ ಜಿಡ್ಡು. ಹಿಂದಿನ ಜಾಳಿಗಿ ಎಳೆದಾಗ ಜಿರಲೆಯ ಹಿಕ್ಕೆ, ಮುರಿದ ರೆಕ್ಕೆ ಜೊರ್ರನೆ ಆಕೆಯ ಅಂಗೈಗೆ ಸುರಿದವು. ಎರಡು ಜೀವಂತ ಜೊಂಡಿಗ ಮೊಣಕೈವರೆಗೆ ಹರಿದವು. ಲುಂಬಿನಿ ಓಡಿಹೋಗಿ ಬೇಸಿನ್ನಿನಲ್ಲಿ ಕಾರಿಕೊಂಡಳು.

ಬಾಯಿ ಒರೆಸಿಕೊಂಡು ಬಂದಾಗ ರಾಯರು ಬಾಟಲಿ ಹಿಡಿದು ನಿಂತಿದ್ದರು.

"ಇದರಾಗ ಹೊಳಿ ನೀರು ಹಾಕಬಾರ್ದೇನ್ರಿ?"

"ಕುದಿಸಿ ಆರಿಸಿದ ನೀರು ಹಾಕಬೇಕ್ರಿ. ದಿನಾ ತೊಳಿಬೇಕು."

"ಯಾರೂ ಹೇಳಲಿಲ್ಲಲ್ರಿ ನಮಗ."

"ನಾ ಹೇಳಬೇಕಾಗಿತ್ತು. ಹೇಳಲಿಲ್ಲ." ಲುಂಬಿನಿ ಚೀಟಿ ತೋರಿಸಿದಳು. "ಬಿಚ್ಚಿ ನೋಡದ ಇದನ್ನ ಹಚ್ಚಿದಾಕಿ ನಾನೇ."

ರಾಯರು ಹೆಂಡತಿಯ ಮಂಚದ ಮೇಲೆ ಕುಸಿದು ಕೂತರು. ಅವರ ಮೇಲೆ ಲುಂಬಿನಿಗೆ ಕನಿಕರ ಹುಟ್ಟಲಿಲ್ಲ. ತನ್ನ ಮೇಲೆ ಮಾತ್ರ ಹೇಸಿಕೆ ಉಕ್ಕಿತು. ಆ ರಾಯನ ಸೊಕ್ಕಿಗೆ ಅವನ ಹೆಂಡತಿಯ ಉಸಿರನ್ನು ಪಣಕ್ಕಿಟ್ಟೆನಲ್ಲ!

ಆ ಮಧ್ಯಾಹ್ನವೇ ವಾರ್ಡಿನ ಉಳಿದ ನಾಲ್ಕು ಮಷೀನುಗಳನ್ನೂ ಬಿಚ್ಚಿದಳು. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದು ಬಂದಿದ್ದ ರೋಗಿ ಮೆಹತಾಬ್‌ನ ಔಷಧಿಯನ್ನು ಆವಿ ಮಾಡಿ ಕೊಡುವ ಮಷೀನಿನ ಮಾಸ್ಕಿಗೆ ಗುಟಖಾ ಕಲೆ ಮೆತ್ತಿ ಇರುವೆ ಮುತ್ತಿದ್ದವು. ಅದರ ವೈರು ಹರಿದು ತಾಮ್ರ ಹೊರಗೆ ಬಂದಿತ್ತು. ಅದಕ್ಕೂ ನಾಗೇಂದ್ರಪ್ಪನ ಸಹಿಯ ಚೀಟಿಯಿತ್ತು. ಅಂಟಿಸಿದ ಕೈ ಯಾರದೆಂದು ಆಕೆ ಕೇಳಿಕೊಳ್ಳಬೇಕಾಗಿರಲಿಲ್ಲ.

ಸುದ್ದಿ ತಿಳಿದ ಮ್ಯಾನೇಜರು ವರದಿ ಬರೆಸಲು ಆಕೆಯನ್ನು ಕರೆಸಿದರು. ನಾಗೇಂದ್ರಪ್ಪ ಅಲ್ಲೇ ನಿಂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

"ಮನಿಯೊಳಗ ಗಲೀಜು ಮಾಡ್ಕೊಂಡು ತಂದಾರ ಅಂತ ಬರೀರಿ," ಎಂದರು ಮ್ಯಾನೇಜರು. "ಚೀಟಿ ಮಾತ ಬ್ಯಾಡ. ಆಸ್ಪತ್ರಿ ಹೆಸರು ಕೆಡ್ತದ."

"ಮನಿ ಗಲೀಜು ನೋಡಾಕಂತನೇ ನಮ್ಮನ್ನ ಇಟ್ಟಾರ್ರಿ ಸರ್," ಎಂದಳು ಲುಂಬಿನಿ.

ನಾಗೇಂದ್ರಪ್ಪ ನಕ್ಕ. "ಎಲ್ಲಾ ಜೊಂಡಿಗ ಹಿಡಕೋಂತ ಕುಂದ್ರಾಕ ಆಗ್ತದೇನವ್ವಾ?"

ಆ ನಗು ಅಂಗೈಯ ಹಿಕ್ಕೆಗಿಂತ ಅಸಹ್ಯವೆನಿಸಿತು. ಲುಂಬಿನಿ ಅಲ್ಲಿಯೇ ಕೂತು, ನೋಡದೆ ಸಹಿ ಮಾಡಿದವನ ಹೆಸರು, ನೋಡದೆ ಅಂಟಿಸಿದ ತನ್ನ ಹೆಸರು, ಎರಡನ್ನೂ ಬರೆದು ಕೊಟ್ಟಳು. ಒಂದು ಪ್ರತಿಯನ್ನು ಡಾಕ್ಟರ ಟೇಬಲ್ ಮೇಲಿಟ್ಟಳು. ಆಕೆಗೊಂದು ಮೆಮೋ ಬಂತು, ನಾಗೇಂದ್ರಪ್ಪನಿಗೊಂದು.

ಪದ್ಮಾಬಾಯಿಗೆ ಕ್ಷಯವಿರಲಿಲ್ಲ, ನ್ಯುಮೋನಿಯಾ ಆಗಿತ್ತು. ಹನ್ನೊಂದು ದಿನ ನರಳಿ ಬದುಕಿ ಮನೆಗೆ ಹೊರಟಳು. ಹೊರಡುವ ಮುಂಚೆ ರಾಯರು ಹೊಸ ಬಾಟಲಿ ತಂದು ಲುಂಬಿನಿಯ ಕೈಗಿಟ್ಟು, ತೊಳೆಯುವುದು ಹೇಗೆಂದು ಕೇಳಿದರು. ಆಕೆ ಹೇಳಿಕೊಟ್ಟಳು, ಮಾತು ಬೆಳೆಸಲಿಲ್ಲ.

ಮುಂದಿನ ಸೋಮವಾರ ನಾಗೇಂದ್ರಪ್ಪ ಮತ್ತೆ ಸಹಿ ಮಾಡಿದ ಕಟ್ಟು ತಂದ. ಲುಂಬಿನಿ ಅದನ್ನು ಅವನೆದುರೇ ಹರಿದು ಬುಟ್ಟಿಗೆ ಹಾಕಿದಳು.

"ಸ್ಕ್ರೂಡ್ರೈವರ್ ತಗೊಂಡು ಬರ್ರಿ. ವಾಡಿಯಿಂದ ಒಬ್ರು ಬಂದಾರ, ಮಷೀನ್ ತಂದಾರ."

ಅವನು ಬಯ್ಯುತ್ತಲೇ ಹೋದ. ಲುಂಬಿನಿ ಕೈಗವಸು ಹಾಕಿಕೊಂಡು ಕಾಯುತ್ತ ನಿಂತಳು. ಕಾಲು ಗಂಟೆಯ ಮೇಲೆ ಅವನು ಸ್ಕ್ರೂಡ್ರೈವರ್ ಹಿಡಿದು ಬಂದ.