ಕಂಪನಿ ಕಳಿಸಿದ ಹೂವು

“ಮುಂದಕ್ಕಲ್ಲ, ಗೋಡೆ ಕಡೆ ಸರಿಸೋ,” ಎನ್ನುತ್ತ ಓಕ್‌ಬುನ್, ಕಂಪನಿ ಅಧ್ಯಕ್ಷರ ಹೆಸರಿನ ಪಟ್ಟಿ ಹೊತ್ತ ಆಳೆತ್ತರದ ಪುಷ್ಪಚಕ್ರದ ಕಾಲು ಹಿಡಿದು ಎಳೆದಳು. ಮಗ ಸಂಗುಕ್ ಇನ್ನೊಂದು ಕಾಲನ್ನು ಬಿಡಲಿಲ್ಲ.

“ಬೇಡಮ್ಮ. ಹನ್ನೊಂದಕ್ಕೆ ಕಂಪನಿಯಿಂದ ನಮ್ಮ ಮ್ಯಾನೇಜರ್ ಬರ್ತಾರೆ. ಅಧ್ಯಕ್ಷರ ಹೆಸರು ಮೂಲೇಲಿ ಕಂಡ್ರೆ ನನ್ನನ್ನೂ ಮೂಲೆಗೆ ಹಾಕ್ತಾರೆ.”

“ದೋಕ್‌ಸು ಊಟದ ಹಾಲ್‌ನಲ್ಲಿ ಕೂತಿದಾನೆ ಕಣೋ. ಈ ಹೆಸರು ಇಲ್ಲಿರೋ ತನಕ ಒಳಗೆ ಕಾಲಿಡಲ್ಲ ಅಂತಾನೆ.”

“ಮೂವತ್ತೈದು ವರ್ಷ ಮಾತಾಡದವರು ಇವತ್ತು ಬಂದು ಹಟ ಹಿಡೀತಾರಲ್ಲ.”

ಓಕ್‌ಬುನ್ ಕೈಬಿಟ್ಟಳು. ಬಿಳಿ ಸೇವಂತಿಗೆಗಳ ನಡುವಿನ ಫೋಟೋದಲ್ಲಿ ಅವಳ ಗಂಡ ಮಾನ್‌ಸೊಕ್, ಎಂದಿನಂತೆ ಯಾರ ಪಕ್ಷವನ್ನೂ ವಹಿಸದೆ ನೋಡುತ್ತಿದ್ದ. ಕೊನೆಯ ವಾರ ಅವನು ಬಾಯಿಬಿಟ್ಟು ಕೇಳಿದ್ದು ಒಂದೇ: ದೋಕ್‌ಸು ಬಂದು, ಸತ್ತವರಿಗೆ ಎಲ್ಲರೂ ಬೀಳುವ ಹಾಗೆ, ನನಗೆ ಎರಡು ಸಲ ಅಡ್ಡಬಿದ್ದರೆ ಸಾಕು.

*

ಕಡಲ ತೀರದ ಆ ಊರಿನಲ್ಲಿ ಕಂಪನಿಯದೆಂದು ಮೊದಲಿದ್ದದ್ದು ಒಂದು ಹಗ್ಗದಂಗಡಿ. ಅಂಗಡಿ ಸಿಮೆಂಟು ಕಾರ್ಖಾನೆಯನ್ನು ಹೆತ್ತಿತು, ಕಾರ್ಖಾನೆ ಹಡಗು ಕಟ್ಟುವ ಅಂಗಳವನ್ನು ಹೆತ್ತಿತು. ಆಮೇಲೆ ಶಾಲೆ, ವಿಮೆ, ಅಪಾರ್ಟ್‌ಮೆಂಟು ಅಂತ ಮಕ್ಕಳ ಮೇಲೆ ಮಕ್ಕಳು. ಈಗ ಮಾನ್‌ಸೊಕ್‌ನ ಹೆಣವಿರುವ, ಅಂತಿಮ ದರ್ಶನದ ಕೋಣೆಗಳೂ ಒಳಗೇ ಇರುವ ಆಸ್ಪತ್ರೆಯೂ ಅದರದೇ ಕೂಸು.

ಮೊದಲ ಹಡಗು ಕಟ್ಟಲು ಹೊಂಡ ತೋಡುವ ಕಾಲದಿಂದ ಮಾನ್‌ಸೊಕ್, ದೋಕ್‌ಸು ಒಂದೇ ಬುತ್ತಿಯಲ್ಲಿ ಉಂಡ ವೆಲ್ಡರುಗಳು. ಎಂಬತ್ತೇಳರ ಮುಷ್ಕರದಲ್ಲಿ ಇಬ್ಬರೂ ಒಂದೇ ಕ್ರೇನ್ ಹತ್ತಿ ಕೂತರು. ಹದಿಮೂರನೆಯ ದಿನ ಓಕ್‌ಬುನ್‌ಗೆ ಹೆರಿಗೆ ನೋವು ಬಂತು. ಮಾನ್‌ಸೊಕ್ ಇಳಿದ. ಗೇಟಿನಲ್ಲಿ ಕಂಪನಿಯವರು ಚಾಚಿದ ತಪ್ಪೊಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟೊತ್ತಿ, ಕೆಂಪು ಶಾಯಿಯ ಬೆರಳಲ್ಲೇ ಮಗನನ್ನು ಎತ್ತಿಕೊಂಡ. ಅವನ ಕೆಲಸ ಉಳಿಯಿತು. ದೋಕ್‌ಸುವನ್ನು ಪೊಲೀಸರು ಇಳಿಸಿದರು. ಅಂದಿನಿಂದ ಅವನು ಮಾರುಕಟ್ಟೆಯಲ್ಲಿ ಮೀನು ಮಾರುತ್ತಾನೆ. ಓಕ್‌ಬುನ್ ಹೋದರೆ ಒಂದು ಮೀನು ಹೆಚ್ಚಿಗೆ ಹಾಕುತ್ತಿದ್ದ. ಮಾನ್‌ಸೊಕ್ ಹೋದರೆ ಬೆನ್ನು ತಿರುಗಿಸುತ್ತಿದ್ದ.

*

ಊಟದ ಹಾಲ್‌ನಲ್ಲಿ ದೋಕ್‌ಸುವಿನ ಮುಂದೆ ಕೆಂಪಗಿನ ಮಾಂಸದ ಸಾರು ಆರಿಹೋಗಿತ್ತು.

“ಸಾರು ನೋಡ್ಕೊಂಡು ಹೋಗೋಕೆ ಬಂದ್ಯಾ?” ಎಂದಳು ಓಕ್‌ಬುನ್.

“ಅವನಿಗೆ ಅಡ್ಡಬೀಳ್ತೀನಿ ಅತ್ತಿಗೆ. ಆದ್ರೆ ಪಕ್ಕದಲ್ಲೇ ಆ ಹೆಸರು ನಿಂತಿದೆ. ಅದಕ್ಕೂ ಬಿದ್ದ ಹಾಗಾಗಲ್ವಾ? ಹಾಗಿದ್ರೆ ಅಷ್ಟು ದಿನ ಕ್ರೇನ್ ಮೇಲೆ ಯಾಕೆ ಕೂತಿದ್ದೆ ನಾನು?”

“ಅವರು ಇಳಿದದ್ದು ನನ್ನಿಂದ. ಬೈಯೋದಿದ್ರೆ ನನಗೆ ಬೈ.”

“ನಿಮಗೆ ಬೈದ್ರೆ ನನ್ನ ಹಳಸಲು ಮೀನು ಯಾರು ತಗೋತಾರೆ?”

ಓಕ್‌ಬುನ್ ಎದ್ದು ಒಳಗೆ ಹೋದಳು. ಪುಷ್ಪಚಕ್ರವನ್ನು ಮುಟ್ಟಲಿಲ್ಲ. ಸೇವಂತಿಗೆಗಳ ನಡುವಿನಿಂದ ಫೋಟೋವನ್ನು ಎತ್ತಿ ಕಂಕುಳಿಗೆ ಸೇರಿಸಿದಳು.

“ಅಮ್ಮ, ಏನಿದು? ಮ್ಯಾನೇಜರ್ ಲಿಫ್ಟ್‌ನಲ್ಲಿದಾರಂತೆ.”

“ಹೂವು ನಿಂತಲ್ಲೇ ನಿಂತಿರಲಿ. ನಿಮ್ಮಪ್ಪ ಸ್ವಲ್ಪ ಆಚೆ ಹೋಗಿಬರ್ತಾರೆ.”

ದೋಕ್‌ಸುವಿನ ಮುಂದಿನ ಸಾರಿನ ಬಟ್ಟಲು ಸರಿಸಿ ಫೋಟೋವನ್ನು ಸೋಜು ಮದ್ಯದ ಬಾಟಲಿಗೆ ಆನಿಸಿಟ್ಟಳು. ದೋಕ್‌ಸು ಎದ್ದು ಕೋಟಿನ ಗುಂಡಿ ಹಾಕಿಕೊಂಡ. ಮಂಡಿಗಳು ಲಟಕ್ಕೆಂದವು. ಒಂದು ಸಲ ಅಡ್ಡಬಿದ್ದ. ಎರಡನೆಯ ಸಲ ಬಿದ್ದವನು ಬಹಳ ಹೊತ್ತು ಏಳಲಿಲ್ಲ. ಓಕ್‌ಬುನ್ ಅವನನ್ನು ನೋಡದೆ ಬಾಗಿಲ ಕಡೆ ಮುಖ ಮಾಡಿದಳು.

ಎದುರಿನ ಕೋಣೆಯಲ್ಲಿ ಸಂಗುಕ್ ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದ. ಅಧ್ಯಕ್ಷರ ಹೆಸರಿನ ಪಕ್ಕದಲ್ಲಿ, ಸೇವಂತಿಗೆಗಳ ನಡುವೆ ಚೌಕಾಕಾರವಾಗಿ ಬಿಟ್ಟುಹೋಗಿದ್ದ ಖಾಲಿ ಜಾಗಕ್ಕೆ, ಕರಿ ಸೂಟಿನ ಮ್ಯಾನೇಜರ್ ಹಣೆಯನ್ನು ನೆಲಕ್ಕೆ ತಾಗಿಸಿ ಅಡ್ಡಬೀಳುತ್ತಿದ್ದ.