ಒಳಸುತ್ತು

ಹಿಂದಿನ ಚಕ್ರ ಮೂರನೆಯ ಸಲ ಜಾರಿದಾಗ ಅಳಿಯ ಎರಡೂ ಕೈಯಲ್ಲಿ ಕಲ್ಲು ಎತ್ತಿಕೊಂಡು ಗಾಡಿಯ ಹಿಂದಕ್ಕೆ ಓಡಿದ. ಒಂದನ್ನು ಎಡಚಕ್ರದ ಹಿಂದೆ ಒದ್ದು ಕೂರಿಸಿದ, ಇನ್ನೊಂದನ್ನು ಬಲಚಕ್ರದ ಹಿಂದೆ ತುರುಕಿದ. ಗಾಡಿ ಒಂದು ಗೇಣು ಹಿಂದಕ್ಕೆ ಬಂದು ಕಲ್ಲಿಗೆ ಒರಗಿ ನಿಂತಿತು. ತೆರೆದ ಹಿಂಬದಿಯಲ್ಲಿ ಪಟ್ಟಿ ಬಿಗಿದು ಇಟ್ಟಿದ್ದ ಶವಪೆಟ್ಟಿಗೆ ಕಿರುಗುಟ್ಟಿತು. ಅದರ ಪಕ್ಕ ಕಾಲು ಮಡಚಿ ಕೂತಿದ್ದ ಅತ್ತೆ ಮುಚ್ಚಳದ ಮೇಲೆ ಊರಿದ ಕೈ ತೆಗೆಯಲಿಲ್ಲ.

ಎಡಕ್ಕೆ ಮೂರು ಹೆಜ್ಜೆಗೆ ರಸ್ತೆ ಮುಗಿಯುತ್ತಿತ್ತು. ಆಚೆ ಕೈಬಿಟ್ಟ ಕಲ್ಲುಗಣಿ. ಚಾಕುವಿನಲ್ಲಿ ಕೊಯ್ದಂಥ ಗೋಡೆ, ತಳದಲ್ಲಿ ಹಸಿರು ನೀರು. ಬಲಕ್ಕೆ ಮಣ್ಣಿನ ದಿಬ್ಬ. ಸ್ಮಶಾನ ಏರಿನ ತುದಿಯಲ್ಲಿತ್ತು. ಎರಡು ದಿನದ ಮಳೆಗೆ ಏರಿನ ಜೇಡಿಮಣ್ಣು ಸೋಪಿನ ಹಾಗಾಗಿತ್ತು.

ಸ್ಟಿಯರಿಂಗ್ ಹಿಡಿದಿದ್ದ ಚಿಕ್ಕಪ್ಪ ಕೆಳಗಿಳಿದು ಬಂದರು. ಅವರು ಪೆಟ್ಟಿಗೆಯೊಳಗಿದ್ದ ಮಾವನ ತಮ್ಮ, ಅಳಿಯನ ಹೆಂಡತಿಗೆ ಚಿಕ್ಕಪ್ಪ. ಮೂವತ್ತು ವರ್ಷ ಲಾರಿ ಓಡಿಸಿದವರು. ಚಕ್ರದ ಅಡಿಯ ಕಲ್ಲನ್ನು ನೋಡಿದರು, ಗಣಿಯ ಕಡೆ ನೋಡಲಿಲ್ಲ.

"ಇನ್ನು ಚಕ್ರದ ಕೈಲಿ ಆಗಲ್ಲ. ವಿಂಚು ಬಿಚ್ಚು," ಎಂದರು.

ಕೆಳಗೆ ನಿಂತಿದ್ದ ಹದಿನೈದಿಪ್ಪತ್ತು ಜನಕ್ಕೆ ಜೀವ ಬಂದಂತಾಯಿತು. ಊರಿನ ಅರ್ಧ ಗಾಡಿಗಳನ್ನು ಕೆಸರಿನಿಂದ ಎಳೆದು ಹಾಕಿದ ವಿಂಚು ಮೇಷ್ಟ್ರನ್ನು ಕಡೆಗೆ ಅವರದೇ ವಿಂಚು ಎಳೆದುಕೊಂಡು ಹೋಗುವುದೇ ಸರಿ ಎಂದು ಯಾರೋ ಅಂದರು. ಇನ್ಯಾರೋ, ಮೇಷ್ಟ್ರು ಒಳಗಿಂದಲೇ ಬೈಯುತ್ತಾರೆ, ಹಗ್ಗ ನೆಟ್ಟಗೆ ಸುತ್ತಿ ಎಂದರು. ಸಣ್ಣಗೆ ನಗು ಹರಿದಾಡಿತು.

ವಿಂಚಿನ ಮಾತು ಬರುತ್ತದೆಂದು ಅಳಿಯನಿಗೆ ಬೆಳಗಿನಿಂದಲೂ ಗೊತ್ತಿತ್ತು. ಏರು ಒಣಗಿರಲಿ ಎಂದುಕೊಂಡೇ ಗಾಡಿ ಹತ್ತಿದ್ದ. ಈಗ, ಹೆಗಲ ಮೇಲೆ ಹೊತ್ತುಕೊಂಡು ಹೋಗೋಣ ಎಂದು ಹೇಳಿ ನೋಡಿದ. ಗುಂಡಿ ತೋಡಿ ಇಳಿದು ಬಂದಿದ್ದ ಆಳು ತನ್ನ ಮಂಡಿಯ ಕೆಸರು ತೋರಿಸಿ, ಬರಿಗೈಲಿ ಇಳಿಯುವಾಗಲೇ ಎರಡು ಸಲ ಬಿದ್ದೆ ಎಂದ. ಆರು ಜನರಲ್ಲಿ ಒಬ್ಬನ ಕಾಲು ತಪ್ಪಿದರೂ ಪೆಟ್ಟಿಗೆ ಎಲ್ಲಿ ಹೋಗಿ ಬೀಳುತ್ತದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೆಂಡತಿ ಕೆಳಗಿನಿಂದ ಅವನನ್ನೇ ನೋಡುತ್ತಿದ್ದಳು. ಅವನು ಮುಖ ತಿರುಗಿಸಿ, ಗಾಡಿಯ ಮೂತಿಗೆ ಬಿಗಿದ ವಿಂಚಿನ ಕ್ಲಚ್ಚಿನ ಹಿಡಿ ಸಡಿಲಿಸಿದ, ಹಗ್ಗದ ತುದಿಯ ಕೊಕ್ಕೆ ಹಿಡಿದು ಏರು ಹತ್ತತೊಡಗಿದ. ಬೆನ್ನ ಹಿಂದೆ ಹಗ್ಗ ಬಿಚ್ಚುತ್ತ ಡ್ರಮ್ಮು ತಿರುಗುವ ಸದ್ದು. ಸ್ಮಶಾನದ ಬಾಗಿಲ ಬಳಿಯ ಮರ ಬಿಟ್ಟರೆ ಕಟ್ಟಲು ಬೇರೆ ಆಸರೆ ಇರಲಿಲ್ಲ. ಹಗ್ಗ ಅಲ್ಲಿಯವರೆಗೆ ಸಾಲದಿರಲಿ, ಒಂದೇ ಒಂದು ಮಾರು ಕಡಿಮೆ ಬೀಳಲಿ ಎಂದು ಹೆಜ್ಜೆ ಹೆಜ್ಜೆಗೂ ಬೇಡಿಕೊಂಡ.

ಸಾಲಿತು. ಮರಕ್ಕೆ ಪಟ್ಟಿ ಸುತ್ತಿ ಕೊಕ್ಕೆ ಸಿಕ್ಕಿಸಿ ಅವನು ತಿರುಗಿ ನೋಡಿದಾಗ, ಡ್ರಮ್ಮಿನ ಮೇಲೆ ಉಳಿದಿದ್ದುದು ಕಟ್ಟಕಡೆಯ ಪದರ ಮಾತ್ರ.

*

ಹನ್ನೊಂದು ವರ್ಷದ ಹಿಂದೆ ಅವನು ಮೇಷ್ಟ್ರ ವಿಂಚಿನ ಶೆಡ್ಡಿಗೆ ಗಿರಾಕಿಯಾಗಿ ಬಂದಿದ್ದ. ಆಗಿನ್ನೂ ಅಳಿಯನಲ್ಲ, ಹೊಸ ಜೀಪು ಕೊಂಡ, ಕಾಡುಮೇಡು ಸುತ್ತುವ ಹುಚ್ಚಿನ ಸರ್ವೆಯವನು. ಇರುವುದರಲ್ಲೇ ದೊಡ್ಡ ವಿಂಚು ಬೇಕು ಎಂದಿದ್ದ.

ಮೇಷ್ಟ್ರು ಬೀಡಿ ಆರಿಸಿ, ಗಾಡಿಯ ತೂಕ ಎಷ್ಟೆಂದು ಕೇಳಿದರು. ಅವನು ಪುಸ್ತಕದಲ್ಲಿ ಅಚ್ಚಾದ ಅಂಕಿ ಹೇಳಿದ. ಅವರು ಗಾಡಿಯನ್ನು ಒಮ್ಮೆ ಸುತ್ತಿ ಬಂದು, ನೀರಿನ ಕ್ಯಾನು, ಡೇರೆ, ಎರಡನೆಯ ಸ್ಟೆಪ್ನಿ, ಕಬ್ಬಿಣದ ಬಂಪರು, ಅವನ ಮೂವರು ಗೆಳೆಯರು, ಎಲ್ಲವನ್ನೂ ಹೇರಿಸಿ ಲಾರಿ ತೂಗುವ ವೇಬ್ರಿಡ್ಜಿಗೆ ಕಳಿಸಿದರು. ಪುಸ್ತಕದ ಅಂಕಿಗಿಂತ ಆರುನೂರು ಕಿಲೋ ಹೆಚ್ಚು ಬಂತು.

"ಇದರ ಒಂದೂವರೆ ಪಟ್ಟು ಎಳೆಯೋದು ಸಾಕು. ಅದಕ್ಕೂ ದೊಡ್ಡದು ಹಾಕಿಸ್ಕೊಂಡ್ರೆ, ಆ ವಿಂಚನ್ನ ಎಳೆಯೋಕೆ ಇನ್ನೊಂದು ವಿಂಚು ಬೇಕಾಗುತ್ತೆ."

ಬ್ಯಾಟರಿ ಎಂಥದು, ಸಿಕ್ಕಿಕೊಳ್ಳುವುದು ಕೆಸರಿನಲ್ಲೋ ಮರಳಿನಲ್ಲೋ, ಜೊತೆಗೆ ಇನ್ನೊಂದು ಗಾಡಿ ಬರುತ್ತದೋ ಒಬ್ಬನೇ ಹೋಗುವುದೋ ಎಂದು ಹೆಣ್ಣು ಕೊಡುವವರ ಹಾಗೆ ವಿಚಾರಿಸಿದರು. ಡಬ್ಬದ ಮೇಲೆ ಬರೆದಿರುವ ಶಕ್ತಿ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ಮೇಲೆ ಮೇಲೆ ಸುತ್ತಿದಷ್ಟೂ ಎಳೆತ ಕಡಿಮೆ ಎಂದೂ ತಿಳಿಸಿದರು. ಆಮೇಲೆ, ಇವತ್ತು ಬೇಡ, ಶನಿವಾರ ಬಂದು ಒಂದು ಕೆಲಸ ನೋಡು, ನೋಡಿದ ಮೇಲೂ ಬೇಕೆನಿಸಿದರೆ ಕೊಳ್ಳು ಎಂದರು.

ಶನಿವಾರ ಶೆಡ್ಡಿನ ಮುಂದಿನ ಬಯಲಿನಲ್ಲಿ ಹಗ್ಗವನ್ನು ಪೂರ್ತಿ ಎಳೆದು ಹಾಸಿದ್ದರು. ಮೇಷ್ಟ್ರ ಹೆಂಡತಿ ಅದರ ಉದ್ದಕ್ಕೂ ಬರಿಗೈ ಆಡಿಸುತ್ತ ನಡೆದರು. ಹರಿದ ಎಳೆ, ಸೇರಿಕೊಂಡ ಮರಳು, ಗಟ್ಟಿಯಾದ ಜಾಗ, ಎಲ್ಲವೂ ಆ ಬೆರಳಿಗೆ ಸಿಕ್ಕುತ್ತಿದ್ದವು. ಆಮೇಲೆ ಗಾಡಿ ಹತ್ತಿ ಬ್ರೇಕನ್ನು ಅರ್ಧ ಒತ್ತಿ ಕೂತರು. ಮೇಷ್ಟ್ರು ಬಟನ್ ಒತ್ತಿದರು. ಬ್ರೇಕಿನ ಜಗ್ಗಾಟದಲ್ಲಿ ಹಗ್ಗ ಬಿಗಿಯಾಗಿ, ಸುತ್ತಿನ ಪಕ್ಕಕ್ಕೆ ಸುತ್ತು ಕೂತಿತು. ಮೇಷ್ಟ್ರು ಕೈ ಎತ್ತಿದರೆ ಹೆಂಡತಿ ಕಾಲು ಒತ್ತುವುದು, ಇಳಿಸಿದರೆ ಸಡಿಲಿಸುವುದು.

ಮೊದಲು ಮೇಷ್ಟ್ರ ಗಾಡಿಯಲ್ಲಿದ್ದದ್ದು ಉಕ್ಕಿನ ತಂತಿಹಗ್ಗ. ಹರಿದ ತಂತಿ ಚುಚ್ಚಿ ಚುಚ್ಚಿ ಅತ್ತೆಯ ಅಂಗೈ ಜಾಲರಿಯಾಗಿತ್ತು. ಎರಡು ವರ್ಷದ ಹಿಂದೆ ಮಾವ ಯಾರಿಗೂ ಕಾರಣ ಹೇಳದೆ ಪ್ಲಾಸ್ಟಿಕ್ ನೂಲಿನ ಮೆತ್ತನೆಯ ಹಗ್ಗಕ್ಕೆ ಬದಲಾಯಿಸಿದರು. ಅಳಿಯನಿಗೆ ಮಾತ್ರ ಒಂದು ಎಚ್ಚರಿಕೆ ಕೊಟ್ಟರು: ಈ ವಿಂಚಿನ ಬ್ರೇಕು ಡ್ರಮ್ಮಿನ ಹೊಟ್ಟೆಯಲ್ಲೇ ಇದೆ. ಭಾರ ಎಳೆಯುವಾಗ ಚಿಂತೆಯಿಲ್ಲ. ಭಾರ ಕೆಳಗಿಳಿಸುವಾಗ ಡ್ರಮ್ಮು ಒಲೆಯಾಗುತ್ತೆ. ತಂತಿ ತಡ್ಕೊಳ್ತಿತ್ತು, ಇದು ತಡ್ಕೊಳ್ಳಲ್ಲ. ಅರ್ಧ ನಿಮಿಷ ಇಳಿಸು, ನಿಲ್ಲಿಸು, ಕೈ ಇಟ್ಟು ನೋಡು.

*

ಅಳಿಯ ಏರಿನಿಂದ ಕೂತು ಜಾರುತ್ತ ಇಳಿದ. ಚಿಕ್ಕಪ್ಪ ಮತ್ತೆ ಸ್ಟಿಯರಿಂಗಿಗೆ ಹೋಗಿದ್ದರು. ಅವನು ರಿಮೋಟಿನ ವೈರು ಸಿಕ್ಕಿಸುವ ನೆಪದಲ್ಲಿ ಗಾಡಿಯ ಬದಿಗೆ ಬಂದು, ಅತ್ತೆಗೆ ಇಳಿಯಲು ಹೇಳಿದ. ಭಾರ ಕಡಿಮೆಯಾಗುತ್ತೆ ಎಂದ.

"ನಲವತ್ತೈದು ಕಿಲೋ," ಎಂದರು ಅತ್ತೆ. "ಅಷ್ಟಕ್ಕೆ ಏದುಸಿರು ಬಿಡೋ ವಿಂಚನ್ನ ಅವರು ಹಾಕಿಸಿಲ್ಲ."

ಬ್ಯಾಟರಿ ಯಾಕೋ ಸೋತಂತಿದೆ ಎಂದ. ನಿನ್ನೆ ತಾನೇ ನಿಂತು ಚಾರ್ಜಿಗೆ ಹಾಕಿಸಿದ್ದೇನೆ ಎಂದು ಚಿಕ್ಕಪ್ಪ ಕಿಟಕಿಯಿಂದ ತಲೆ ಹಾಕಿದರು. ಹಾಕಿದವರು ಹಾಗೆಯೇ ಮಾತು ಮುಂದುವರಿಸಿದರು. ಹೆದರಿಕೆಯಾದಾಗ ಅವರಿಗೆ ಬಾಯಿ ಹೆಚ್ಚು. ಇದೇ ವಿಂಚಿನ ಮುಂಚಿನ ತಂತಿಯಲ್ಲಿ ಒಂದು ಮಡಿಕೆ ಬಿದ್ದಿದ್ದನ್ನು ತಾವು ಮುಚ್ಚಿಟ್ಟಿದ್ದು, ಅಣ್ಣನ ಬೆರಳಿಗೆ ಅದು ಸಿಕ್ಕಿದ್ದು, ಶೆಡ್ಡಿನಿಂದ ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಓಡಿಸಿದ್ದು. "ಆರು ವರ್ಷ ಮಾತಿಲ್ಲ. ತನ್ನ ಮಗಳ ಮದುವೇಲಿ ಪಕ್ಕದಲ್ಲೇ ಕೂತು, ಉಪ್ಪು ಕೊಡು ಅಂತ ನನ್ನ ಹೆಂಡ್ತಿ ಕೈಲಿ ಹೇಳಿಸಿದ್ದ." ಕೆಳಗಿದ್ದವರು ಮತ್ತೆ ನಕ್ಕರು.

ಅಳಿಯನೂ ಹೆಂಡತಿಯೂ ಆ ಶೆಡ್ಡಿನ ಹಿಂದಿನ ಎರಡು ಕೋಣೆಯಲ್ಲಿದ್ದರು. ಸರ್ವೆ ಕೆಲಸ ಬಿಟ್ಟು ಹತ್ತು ವರ್ಷ. ಬೇರೆ ಮನೆಯೂ ಇಲ್ಲ, ಬೇರೆ ಕಸುಬೂ ಬಾರದು.

*

ಹತ್ತೊಂಬತ್ತು ದಿನದ ಹಿಂದೆ ಮಾವ ಆಸ್ಪತ್ರೆಯಲ್ಲಿದ್ದಾಗ ಅವನಿಗೆ ಫೋನು ಬಂದಿತ್ತು. ಮರದ ದಿಮ್ಮಿ ಹೇರಿದ ಸಣ್ಣ ಲಾರಿಯೊಂದು ತಿರುವಿನಲ್ಲಿ ಹಿಂಬದಿ ಹೊರಚಾಚಿ ನೇತಾಡುತ್ತಿತ್ತು. ಮೇಲಕ್ಕೆ ಎಳೆಯುವಂತಿರಲಿಲ್ಲ, ಮೆಲ್ಲಗೆ ಕೆಳಗಿನ ರಸ್ತೆಗೆ ಇಳಿಸಬೇಕಿತ್ತು. ಡ್ರೈವರು ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡಿದ್ದ. ಅವನು ಮಗುವಿನ ಹಾಗೆ ಅಳುತ್ತ, ನಿಲ್ಲಿಸಬೇಡಿ, ನಿಲ್ಲಿಸಬೇಡಿ ಎನ್ನುತ್ತಿದ್ದ.

ಅಳಿಯ ನಿಲ್ಲಿಸಲಿಲ್ಲ. ಏಳು ನಿಮಿಷ ಒಂದೇ ಸಮ ಇಳಿಸಿದ. ಲಾರಿ ನೆಲ ಮುಟ್ಟಿತು. ಡ್ರೈವರು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಆ ಕೈ ಬಿಡಿಸಿಕೊಂಡು ಡ್ರಮ್ಮಿನ ಮೇಲಿಟ್ಟರೆ ಅಂಗೈ ಚುರ್ ಎಂದಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಒಳಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಮೇಣದಂತೆ ಹೊಳೆಯುತ್ತಿದ್ದವು. ಅದರ ಮೇಲೆ ಒಳ್ಳೆಯ ಹಗ್ಗ ಸುತ್ತಿಕೊಂಡು ಬಂದರೆ ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮಾವ ಮೂಗಿನ ನಳಿಕೆ ಸರಿಸಿ ಕೇಳಿದರು. "ಹಗ್ಗ ಪೂರ್ತಿ ಬಿಚ್ಚಿ ನೋಡಿದ್ಯಾ?"

"ನೋಡಿದೆ ಮಾವ."

ಅತ್ತೆ ಮಂಚದ ಆಚೆ ಬದಿಯಲ್ಲಿ ಟವೆಲು ಮಡಚುತ್ತಿದ್ದರು. ಹೊಸ ಹಗ್ಗ ತರಿಸಿದರೆ ಹಳೆಯದೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ಮನೆಗೆ ಬಂದ ಮೇಲೆ, ಸ್ವಲ್ಪ ಸುಧಾರಿಸಿದ ಮೇಲೆ ಹೇಳೋಣ ಎಂದುಕೊಂಡ. ಆಮೇಲೆ ಎರಡು ಗಾಡಿ ಎಳೆದ. ಹತ್ತಿರದ ಮರ, ಹೊರಗಿನ ಹಗ್ಗವೇ ಸಾಕಾಯಿತು. ಏನೂ ಆಗಲಿಲ್ಲ. ಮಾವ ಮನೆಗೆ ಬರಲಿಲ್ಲ.

*

"ಒತ್ತಪ್ಪ," ಎಂದರು ಚಿಕ್ಕಪ್ಪ. "ಮೋಡ ಕಟ್ತಾ ಇದೆ."

ಅಳಿಯ ಒತ್ತಿದ.

ಮೋಟಾರು ಗುಂಯ್‌ಗುಟ್ಟಿತು. ಕೆಸರಿನಲ್ಲಿ ಬಿದ್ದಿದ್ದ ಹಗ್ಗ ಎದ್ದು ನೆಟ್ಟಗಾಯಿತು. ಉದ್ದಕ್ಕೂ ನೀರು ಸಿಡಿಯಿತು. ಗಾಡಿಯ ಮೂತಿ ತಗ್ಗಿತು. ಹಿಂದಿನ ಚಕ್ರ ಕಲ್ಲನ್ನು ಬಿಟ್ಟು ನಾಲ್ಕು ಬೆರಳು ಮುಂದೆ ಹೋಯಿತು. ಎರಡು ಟನ್ನು ಕಬ್ಬಿಣ, ಒಂದು ಪೆಟ್ಟಿಗೆ, ಇಬ್ಬರು ಜೀವಂತ ಮನುಷ್ಯರು ಈಗ ಆ ಹಗ್ಗಕ್ಕೆ ಜೋತುಬಿದ್ದಿದ್ದರು. ಆಗ ಡ್ರಮ್ಮಿನಿಂದ ಒಣಕಡ್ಡಿ ಮುರಿದಂಥ ಸದ್ದು ಬಂತು.

ಹೆಬ್ಬೆರಳು ತಾನಾಗಿ ಎದ್ದಿತು. ಅವನು ಉಸಿರು ಹಿಡಿದು, ಹಗ್ಗ ಬಿಡುವ ಬಟನ್ನನ್ನು ತಾಗಿಯೂ ತಾಗದಂತೆ ಒತ್ತಿ, ಚಕ್ರವನ್ನು ಮತ್ತೆ ಕಲ್ಲಿಗೆ ಒರಗಿಸಿದ. ನಾಲ್ಕು ಬೆರಳು ಹಿಂದಕ್ಕೆ ಬರುವುದರೊಳಗೆ ಬೆನ್ನು ಒದ್ದೆಯಾಗಿತ್ತು. ತಲೆ ಎತ್ತಿದರೆ ಅತ್ತೆ ಅವನನ್ನೇ ನೋಡುತ್ತಿದ್ದರು. ಆ ಸದ್ದು ಅವರ ಕಿವಿಗೂ ಬಿದ್ದಿತ್ತು.

"ಇಳೀರಿ ಅತ್ತೆ."

"ಯಾಕೆ ಅಂತ ಹೇಳು."

"ಹಗ್ಗ ಸುಟ್ಟಿದೆ. ಒಳಸುತ್ತು, ಪೂರ್ತಿ."

"ಯಾರು ಸುಟ್ಟಿದ್ದು?"

"ನಾನು. ಹತ್ತೊಂಬತ್ತು ದಿನ ಆಯ್ತು."

ಅತ್ತೆ ಅವಸರ ಮಾಡಲಿಲ್ಲ. ಬಲಬದಿಯಿಂದ ಇಳಿದು, ದಿಬ್ಬ ಹಿಡಿದುಕೊಂಡು ಗಾಡಿಯ ಮುಂದಕ್ಕೆ ಬಂದು, ಸೀರೆ ಕೆಸರಾಗುವುದನ್ನು ನೋಡದೆ ಮಂಡಿಯೂರಿದರು. ಹಗ್ಗ ಸಡಿಲಿಸಲು ಹೇಳಿ ಡ್ರಮ್ಮಿನೊಳಗೆ ಬೆರಳು ಹಾಕಿದರು. ಒಂದು ಸುತ್ತು ಎತ್ತಿದರು. ಅದು ಬಾಗಲಿಲ್ಲ, ಮೇಣದಬತ್ತಿಯಂತೆ ಎರಡು ತುಂಡಾಗಿ ಕೈಗೆ ಬಂತು.

ಚಿಕ್ಕಪ್ಪ ಆಗಲೇ ಕೆಳಗೆ ಹಾರಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಗಣಿಯ ಕಡೆ ಈಗ ನೋಡಿದರು. ಆಮೇಲೆ ಅಳಿಯನ ಅಂಗಿಯ ಕೊರಳಪಟ್ಟಿ ಹಿಡಿದು, ಕೊಲ್ತಿದ್ಯಲ್ಲೋ ಎಂದು ಜಗ್ಗಿದರು.

"ಬಿಡು ಅವನನ್ನ," ಎಂದರು ಅತ್ತೆ, ಎದ್ದೇಳದೆ. "ನಿಮ್ಮಣ್ಣನಿಗೆ ನೀನು ನಿಜ ಹೇಳಿದ್ಯಾ? ನಾನು ಹೇಳಿದ್ನಾ? ಎಷ್ಟು ಶನಿವಾರ ಬೆರಳಿಗೆ ಏನೋ ಸಿಕ್ತು ಅಂತ ಗೊತ್ತಿದ್ರೂ, ಬೈಗುಳಕ್ಕೆ ಹೆದರಿ, ಒತ್ತಿ ಸರಿ ಮಾಡಿ ಮುಂದೆ ಹೋಗಿದೀನಿ." ಕೈಯಲ್ಲಿದ್ದ ತುಂಡನ್ನು ಗಣಿಯ ಕಡೆಗೆ ಎಸೆದರು. "ಚಾಕು ಕೊಡಿ."

ಸುಟ್ಟ ಭಾಗ ಕತ್ತರಿಸಿದ ಮೇಲೆ ಉಳಿದ ಹಗ್ಗ ಗಾಡಿಯಿಂದ ಮರದವರೆಗೆ ಸಾಲುತ್ತಿರಲಿಲ್ಲ. ಅತ್ತೆ ಅದರ ಒಂದು ತುದಿಯನ್ನು ಪೆಟ್ಟಿಗೆಯ ಹಿಡಿಕೆಗಳಲ್ಲಿ ಹಾಯಿಸಿ ತಾವೇ ಗಂಟು ಹಾಕಿದರು. ಉಳಿದವರು ಪೆಟ್ಟಿಗೆಯನ್ನು ಇಳಿಸಿ, ಹೂತ ಚಕ್ರದಡಿ ಹಾಸಲು ಗಾಡಿಯಲ್ಲಿಟ್ಟಿದ್ದ ಮರಳಹಲಗೆಯ ಮೇಲೆ ಕೂರಿಸಿದರು. ಗಾಡಿಗೂ ದಿಬ್ಬಕ್ಕೂ ನಡುವೆ ಪೆಟ್ಟಿಗೆ ದಾಟುವಷ್ಟೇ ಜಾಗವಿತ್ತು; ಗಾಡಿ ದಾಟಿದ ಮೇಲೆ ದಾರಿ ಗಣಿಯ ಕಡೆಗೆ ವಾಲಿತ್ತು. ಹದಿನಾಲ್ಕು ಜನ ಹಗ್ಗ ಹಿಡಿದು ಏರಿನಲ್ಲಿ ಸಾಲಾಗಿ ನಿಂತರು. ಅವನ ಹೆಂಡತಿಯೂ ಆ ಸಾಲಿನಲ್ಲಿದ್ದಳು. ಅವನ ಕಡೆ ತಿರುಗಲಿಲ್ಲ.

ಹಿಂದಿನಿಂದ ಒಬ್ಬ ಆನಿಸಿಕೊಳ್ಳದಿದ್ದರೆ ಹಲಗೆ ಗಣಿಯತ್ತ ಹೊರಳುತ್ತಿತ್ತು. ಗುಂಡಿಯ ಆಳು ಕಾಲ ಬೆರಳು ನೋಡಿಕೊಂಡು ನಿಂತ. ಚಿಕ್ಕಪ್ಪ ಹಗ್ಗವನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡರು. ಅಳಿಯ ಚಪ್ಪಲಿ ಬಿಟ್ಟು ಪೆಟ್ಟಿಗೆಯ ಕೆಳತುದಿಗೆ ಹೋದ. ಅತ್ತೆ ಹಗ್ಗದ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದರು.

ಮೇಲೆ ಎಳೆದರು. ಹಲಗೆ ಕದಲಿತು. ಗಾಡಿ ದಾಟುವವರೆಗೆ ಅವನ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ಮರದ ಗೆರೆಗಳು ಮಾತ್ರ. ದಾಟಿದ ಮೇಲೆ ಎಡಗಣ್ಣಿನ ಅಂಚಿನಲ್ಲಿ ಹಸಿರು ನೀರು ಬಂತು. ಕಾಲಿನ ಕೆಳಗೆ ಜೇಡಿ ಬೆರಳ ಸಂದಿಯಿಂದ ಉಕ್ಕಿ ಹಿಂದಕ್ಕೆ ಸರಿಯುತ್ತಿತ್ತು. ಮೇಲಿನ ಯಾರದೋ ಕಾಲು ತಪ್ಪಿ ಹಗ್ಗ ಒಂದು ಕ್ಷಣ ಸಡಿಲಾಯಿತು. ಪೆಟ್ಟಿಗೆಯ ಅಷ್ಟೂ ಭಾರ ಅವನ ಬಲಭುಜದ ಮೇಲೆ ಕೂತಿತು. ಪೆಟ್ಟಿಗೆಯೊಳಗೆ ಏನೋ ಮೆಲ್ಲಗೆ ಜಾರಿಕೊಂಡು ಬಂದು, ಅವನ ಕಿವಿಯ ಪಕ್ಕದಲ್ಲೇ ಅದರ ಮರಕ್ಕೆ ತಗುಲಿ ನಿಂತಿತು. ಮಾವನ ಪಾದಗಳು. ಅವನು ಕಣ್ಣು ಮುಚ್ಚಲಿಲ್ಲ. ಹಿಮ್ಮಡಿಯನ್ನು ಕೆಸರಿನೊಳಕ್ಕೆ ಇಳಿಸುತ್ತ, ಕೆನ್ನೆಯನ್ನೂ ಪೆಟ್ಟಿಗೆಗೆ ಒತ್ತಿಕೊಟ್ಟ.