ಮೂರನೇ ಪುಟದ ಬ್ರೇಕ್ ಆಯಿಲ್

ಅಲ್ಮಾಟಿ ನಗರದ ನಮ್ಮ ಹಳೇ ಕಟ್ಟಡದ ಅಂಗಳದಲ್ಲಿ ನಿಲ್ಲುವ ಕಾರುಗಳಲ್ಲಿ ಹೊಸದು ಅಂತ ಒಂದೂ ಇಲ್ಲ. ಒಂದರ ಬಾಗಿಲು ಬೇರೆ ಬಣ್ಣ. ಇನ್ನೊಂದು ಚಳಿಗಾಲ ಬಂತೆಂದರೆ ಸ್ಟಾರ್ಟೇ ಆಗುವುದಿಲ್ಲ. ಸರ್ವಿಸ್ ಎಲ್ಲಿ ಮಾಡಿಸಬೇಕು, ಮೆಕ್ಯಾನಿಕ್ ಹೇಳಿದ್ದು ನಿಜವೋ ಸುಳ್ಳೋ ಅನ್ನುವ ಮಾತು ಯಾವ ಮನೆಯಲ್ಲೂ ಮುಗಿಯುವುದಿಲ್ಲ. ಆದರೆ ಎದುರು ಮನೆಯ ರೌಷನ್ ಅಕ್ಕನಿಗೆ ಆದಷ್ಟು ಗೊಂದಲ ನಮ್ಮಲ್ಲಿ ಇನ್ಯಾರಿಗೂ ಆಗಿರಲಿಲ್ಲ.

ರೌಷನ್ ಅಕ್ಕ ಇಪ್ಪತ್ತೊಂಬತ್ತು ವರ್ಷ ಟ್ರಾಲಿಬಸ್, ಅಂದರೆ ಮೇಲಿನ ತಂತಿಯ ಕರೆಂಟಿನಲ್ಲಿ ಓಡುವ ಬಸ್ಸು, ಓಡಿಸಿದವರು. ನಿವೃತ್ತಿಯಾದ ವರ್ಷವೇ, ಬೆಟ್ಟದ ಬುಡದಲ್ಲಿದ್ದ ಸೇಬಿನ ತೋಟ ಮಾರಿದರು. ಆ ದುಡ್ಡಿನಲ್ಲಿ ಹದಿಮೂರು ವರ್ಷ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ದುಬೈಯಿಂದ ಬಂದ ಕಾರಂತೆ. ಕಡುಗೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡ ಹಾಗೆ ಮೈ, ಎರಡೇ ಸೀಟು.

ಗಂಡ ಓರಾಜ್ ಅಣ್ಣ ಭೂಗೋಳದ ಮೇಷ್ಟರಾಗಿದ್ದವರು. ಕಾರಿನ ಸುತ್ತ ಒಂದು ಸುತ್ತು ಬಂದು ಕೇಳಿದರು: "ಮೊಮ್ಮಕ್ಕಳನ್ನ ಎಲ್ಲಿ ಕೂರಿಸ್ತೀಯೆ ಮುದುಕಿ?"

"ಇಪ್ಪತ್ತೊಂಬತ್ತು ವರ್ಷ ನೂರು ನೂರು ಜನರನ್ನ ಹೊತ್ಕೊಂಡು ತಿರುಗಿದೀನಿ. ಇನ್ನು ಒಬ್ಬರು ಸಾಕು. ಬೇಕಾದ್ರೆ ಆ ಒಬ್ಬರು ನೀವಾಗಿ."

ಬೆಲೆ ಕೇಳಿ ನಮಗೆಲ್ಲ ಆಶ್ಚರ್ಯ. ನಮ್ಮ ದೇಶದ ದುಡ್ಡಿನಲ್ಲಿ ತೊಂಬತ್ತೆಂಟು ಲಕ್ಷ ತೆಂಗೆ. ಒಂದು ಹೊಸ ಸಾಧಾರಣ ಕಾರಿಗೂ ಅಷ್ಟೇ ಆಗುತ್ತದೆ. ಅಂಥ ಕಾರು ಇಷ್ಟಕ್ಕೆ ಹೇಗೆ ಸಿಕ್ಕಿತು ಅಂತ ನಾನು ಕೇಳಿದ್ದಕ್ಕೆ ಅಕ್ಕ ಹೇಳಿದರು: "ಮಾರಿದವನು ಒಳ್ಳೆಯವನು ಕಣೆ. ಇದಕ್ಕೆ ಇಂಜಿನ್ ಆಯಿಲ್ ಒಂದು ಹಾಕಿಸ್ತಿದ್ರೆ ಸಾಕು, ಮತ್ತೇನೂ ಬೇಡ ಅಂದ."

ಆರು ವಾರಕ್ಕೆ ಮೀಟರಿನ ಪಕ್ಕ ಬ್ರೇಕಿನ ಹಳದಿ ದೀಪ ಹತ್ತಿಕೊಂಡಿತು. ಅಕ್ಕ ಆ ಕಾರಿನ ಕಂಪನಿಯದೇ ಶೋರೂಮಿಗೆ ಹೋದರು. ಅಲ್ಲಿ ಕಾಫಿ ಕೊಟ್ಟರು, ಮೆತ್ತನೆ ಸೋಫಾದಲ್ಲಿ ಕೂರಿಸಿದರು, ಒಂದು ಗಂಟೆ ಬಿಟ್ಟು ನಾಲ್ಕು ಪುಟದ ಎಸ್ಟಿಮೇಟ್ ಕೈಗಿಟ್ಟರು. ಕೊನೆಯಲ್ಲಿ ಮೂವತ್ತೊಂದು ಲಕ್ಷ ಅಂತ ಇತ್ತು. ಅಕ್ಕ ಸೊನ್ನೆಗಳನ್ನು ಎರಡು ಸಲ ಎಣಿಸಿದರು. ಒಂದು ಸೊನ್ನೆ ಹೆಚ್ಚು ಬಿದ್ದಿರಬೇಕು ಅಂದುಕೊಂಡರು. ಆದರೆ ಕೇಳಲಿಲ್ಲ. ಕಾಗದ ಮಡಚಿ ಕೈಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟರು.

"ನಿನ್ನ ಮುಖ ನೋಡಿ ಬರೆದಿದಾರೆ," ಅಂದರು ಓರಾಜ್ ಅಣ್ಣ. "ಕಾರಿನ ಮೂರನೇ ಒಂದು ಪಾಲು ಬರೀ ರಿಪೇರಿಗಾ? ಇನ್ನೆರಡು ಸಲ ಹೋದ್ರೆ ಕಾರೇ ಅವರದಾಗುತ್ತೆ."

"ಡಿಪೋದಲ್ಲಿ ಇಷ್ಟೆಲ್ಲ ಇರ್ಲಿಲ್ಲಪ್ಪ. ಬೆಳಗ್ಗೆ ಸಹಿ ಹಾಕ್ತಿದ್ದೆ, ಗಾಡಿ ತಗೊಂಡು ಹೋಗ್ತಿದ್ದೆ."

"ಡಿಪೋದಲ್ಲಿ ಬಿಲ್ಲು ನಿನ್ನ ಕೈಗೆ ಯಾವತ್ತು ಬಂದಿತ್ತು?"



ಮಾರನೇ ದಿನ ಓರಾಜ್ ಅಣ್ಣ ಕಾರ್ ಬಜಾರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರು. ಅವನು ಚಕ್ರದ ಹಿಂದೆ ಇಣುಕಿ ನೋಡಿ ಅರವತ್ತು ಸಾವಿರ ಅಂದ. ಯಾವುದೋ ಹೆಸರಿಲ್ಲದ ಬ್ರೇಕ್ ಪ್ಯಾಡ್ ಹಾಕಿದ. ಆಮೇಲೆ ಆ ದೀಪದ ಒಂದು ತಂತಿಯನ್ನು ಇನ್ನೊಂದಕ್ಕೆ ಸೇರಿಸಿ ಸುತ್ತಿದ. ದೀಪ ಆರಿತು.

ಓರಾಜ್ ಅಣ್ಣ ಮನೆಗೆ ಬಂದು ಊಟಕ್ಕೆ ಕೂತಾಗ ಗೆದ್ದವರ ಹಾಗಿದ್ದರು. ಅಕ್ಕನಿಗೆ ಮಾತ್ರ ತಲೆ ಕೆಟ್ಟುಹೋಗಿತ್ತು. ಮಾರಿದವನು ಏನೂ ಬೇಡ ಅಂದ. ಶೋರೂಮಿನವರು ಮೂವತ್ತೊಂದು ಲಕ್ಷ ಅಂದರು. ಬಜಾರಿನವನು ಅರವತ್ತು ಸಾವಿರಕ್ಕೆ ಮುಗಿಸಿದ. "ಮೂರು ಜನಾನೂ ನೋಡಿದ್ದು ಒಂದೇ ಕಾರು ತಾನೆ?" ಅಂತ ನನ್ನನ್ನು ಕೇಳಿದರು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ನನಗೇನು ಗೊತ್ತು. ದೀಪ ಆರಿತಲ್ಲ ಅಕ್ಕ, ಬಿಡಿ ಅಂದುಬಿಟ್ಟೆ. ಹಾಗೆ ಹೇಳಿದ್ದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಹತ್ತು ದಿನ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಗಂಡ ಹೆಂಡತಿ ಬೆಟ್ಟಕ್ಕೆ ಹೋದರು. ಹತ್ತುವಾಗ ಕಾರು ಹಾಡುತ್ತಾ ಹೋಯಿತಂತೆ. ಇಳಿಯುವಾಗ ತಿರುವಿನ ಮೇಲೆ ತಿರುವು, ಪ್ರತಿ ತಿರುವಿಗೂ ಬ್ರೇಕು. ಐದನೆಯದೋ ಆರನೆಯದೋ ತಿರುವಿನಲ್ಲಿ ಅಕ್ಕ ಬ್ರೇಕ್ ತುಳಿದರೆ ಪೆಡಲು ಮೆತ್ತಗೆ ತಳಕ್ಕೆ ಹೋಗಿಬಿಟ್ಟಿತು. ಕಾರು ನಿಲ್ಲಲಿಲ್ಲ. ಮುಂದೆ ಒಂದು ಮಿನಿಬಸ್ಸು, ಅದರ ತುಂಬ ಜನ.

"ಓರಾಜ್, ಗಟ್ಟಿಯಾಗಿ ಹಿಡ್ಕೊಳ್ಳಿ," ಅಂದರಂತೆ ಅಕ್ಕ. ಅಷ್ಟೇ. ಗೇರು ಎರಡಕ್ಕೆ ಹಾಕಿದರು, ಒಂದಕ್ಕೆ ಹಾಕಿದರು, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದರು. ರಸ್ತೆ ಬದಿಯಲ್ಲಿದ್ದ ಜಲ್ಲಿ ರಾಶಿಗೆ ಕಾರಿನ ಮೂಗು ನುಗ್ಗಿಸಿ ನಿಲ್ಲಿಸಿದರು. ಮಿನಿಬಸ್ಸಿನವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಓರಾಜ್ ಅಣ್ಣ ಇಳಿದು ಕಲ್ಲಿನ ಮೇಲೆ ಕೂತುಬಿಟ್ಟರಂತೆ. ಅಕ್ಕ ಲಾರಿ ಕರೆಸಿ ಕಾರನ್ನು ಅಂಗಳಕ್ಕೆ ತರಿಸಿದರು.

ಅವತ್ತು ಸಂಜೆ ಅಕ್ಕನ ಅಡುಗೆಮನೆಗೆ ಕೆಳಗಿನ ಮನೆಯ ಲ್ಯೂಬಾ ಖೆಗಾಯ್ ಬಂದರು. ಜೊತೆಗೆ ಕ್ಯಾರೆಟ್ ಸಲಾಡಿನ ಡಬ್ಬಿ ತಂದಿದ್ದರು. ಲ್ಯೂಬಾ ಬೇರೊಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹದಿನಾಲ್ಕು ವರ್ಷ ಬಿಡಿಭಾಗದ ಕೌಂಟರಿನಲ್ಲಿ ಕೆಲಸ ಮಾಡಿದವರು. ಆ ನಾಲ್ಕು ಪುಟ ಕೊಡಿ ಅಂದರು. ಹಾಲು ಹಾಕಿದ ಚಹಾ ಕುಡಿಯುತ್ತಾ ನಿಧಾನವಾಗಿ ಓದಿದರು.

"ಇದರಲ್ಲಿ ಮೋಸ ಇಲ್ಲ ರೌಷನ್. ರೇಟು ಇಷ್ಟೇ."

"ಹಳೇ ಕಾರಿಗೆ ಇಷ್ಟಾ?" ಅಂದರು ಓರಾಜ್ ಅಣ್ಣ.

"ಈ ಕಾರು ಹೊಸದಿದ್ದಾಗ ನೀವು ಕೊಟ್ಟದ್ದರ ನಾಲ್ಕರಷ್ಟಿತ್ತು. ಹದಿಮೂರು ವರ್ಷದಲ್ಲಿ ಕಾರಿನ ಬೆಲೆ ಇಳೀತು. ಅದರ ಪ್ಯಾಡು, ಡಿಸ್ಕು, ಪೈಪುಗಳ ಬೆಲೆ ಇಳೀಲಿಲ್ಲ. ಕೆಲವು ಏರಿವೆ."

"ಇದೆಂಥ ನ್ಯಾಯ? ಹಳೇ ಕಾರಿಗೆ ಹಳೇ ರೇಟು ಇರ್ಬೇಕಲ್ವಾ?"

"ಹಳೇ ಕಾರಿಗೆ ಹಾಕೋದು ಹೊಸ ಪ್ಯಾಡು ಓರಾಜ್ ಅಣ್ಣ."

ಅಣ್ಣ ತಲೆ ಕೆರೆದುಕೊಂಡರು. ಲ್ಯೂಬಾ ಮೂರನೇ ಪುಟದಲ್ಲಿ ಒಂದು ಸಾಲಿನ ಕೆಳಗೆ ಉಗುರಿಟ್ಟರು. "ಇದನ್ನ ಯಾಕೆ ಮಾಡಿಸ್ಲಿಲ್ಲ?"

"ಯಾವುದನ್ನ?"

"ಬ್ರೇಕ್ ಆಯಿಲ್ ಬದಲಾವಣೆ. ಇಪ್ಪತ್ತೆಂಟು ಸಾವಿರ."

ಅಕ್ಕ ಕನ್ನಡಕ ಹಾಕಿಕೊಂಡು ಆ ಸಾಲಿನ ಮೇಲೆ ಬಗ್ಗಿದರು.

"ಬ್ರೇಕ್ ಆಯಿಲು ವರ್ಷ ಕಳೀತಾ ಕಳೀತಾ ಗಾಳೀಲಿರೋ ನೀರು ಹೀರ್ಕೊಳ್ಳುತ್ತೆ," ಅಂದರು ಲ್ಯೂಬಾ. "ಊರೊಳಗೆ ಓಡಿಸಿದ್ರೆ ಗೊತ್ತಾಗಲ್ಲ. ಬೆಟ್ಟ ಇಳಿಯುವಾಗ ಬ್ರೇಕು ಕಾದು ಆ ನೀರು ಕುದಿಯುತ್ತೆ, ಗುಳ್ಳೆ ಬರುತ್ತೆ. ಪೆಡಲು ತಳಕ್ಕೆ ಹೋಗುತ್ತೆ. ಆ ಹೆಸರಿಲ್ಲದ ಪ್ಯಾಡು ಇನ್ನಷ್ಟು ಬಿಸಿ ಮಾಡಿರ್ಬೇಕು. ಎರಡು ವರ್ಷಕ್ಕೊಂದು ಸಲ ಆಯಿಲ್ ಬದಲಾಯಿಸ್ಬೇಕು. ನಿನ್ನ ಕಾರಿಗೆ ಕೊನೇ ಸಲ ಯಾವಾಗ ಹಾಕಿದ್ರೋ ದಾಖಲೇನೇ ಇಲ್ಲ."

ರೌಷನ್ ಅಕ್ಕ ತುಂಬಾ ಮೆಲ್ಲಗೆ ಕೇಳಿದರು: "ಅದೊಂದನ್ನೇ ಮಾಡಿಸ್ಬಹುದಿತ್ತಾ?"

"ಯಾಕಾಗಲ್ಲ?"

"ಮಾಡಿಸಿದ್ರೆ ಎಲ್ಲಾನೂ ಮಾಡಿಸ್ಬೇಕು, ಇಲ್ದಿದ್ರೆ ಏನೂ ಇಲ್ಲ ಅಂದ್ಕೊಂಡೆ. ದೊಡ್ಡ ಮೊತ್ತ ನೋಡಿದ ಮೇಲೆ ಒಳಗಿನ ಸಾಲು ಓದ್ಲೇ ಇಲ್ಲ."

"ಕೇಳ್ಬೇಕಿತ್ತು."

"ಹೇಗೆ ಕೇಳ್ಲಿ ಲ್ಯೂಬಾ? ಇಡೀ ಜೀವನ ಡ್ರೈವರ್ ಆಗಿದ್ದೋಳು. ಬ್ರೇಕ್ ಬಗ್ಗೆ ಅವರ ಮುಂದೆ ನಂಗೆ ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ?"

ಲ್ಯೂಬಾ ನಗಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಒಂದೊಂದು ಸಾಲಿನ ಮುಂದೆಯೂ ಗುರುತು ಹಾಕುತ್ತಾ ಹೋದರು. ಇದು ಜೀವಕ್ಕೆ ಸಂಬಂಧಿಸಿದ್ದು, ಇವತ್ತೇ ಆಗಬೇಕು. ಇದು ವಸಂತದವರೆಗೆ ತಡೆಯುತ್ತೆ. ಎಸಿಗೆ ಸುಗಂಧದ ಶುಚಿಯಂತೆ, ಇದು ಬೇಡವೇ ಬೇಡ. ಈ ಡಿಸ್ಕಿನ ಮುಂದೆ ಅಳತೆ ಬರೆದಿಲ್ಲ, ಅಳೆದು ತೋರಿಸಿ ಅಂತ ಕೇಳು.

ಎರಡು ದಿನ ಬಿಟ್ಟು ಗಂಡ ಹೆಂಡತಿ ಕಾರನ್ನು ಮತ್ತೆ ಲಾರಿ ಮೇಲೆ ಹಾಕಿಕೊಂಡು ಶೋರೂಮಿಗೆ ಹೋದರು. ನಾನೂ ಲ್ಯೂಬಾನೂ ಜೊತೆಗೆ ಹೋಗಿದ್ದೆವು. ಕೌಂಟರಿನಲ್ಲಿ ಅಸೆಮ್ ಅಂತ ಒಬ್ಬಳಿದ್ದಳು, ಹೋದ ಸಲ ಕಾಗದ ಕೊಟ್ಟವಳು ಅವಳೇ. ಅಕ್ಕ ನಾಲ್ಕೂ ಪುಟ ಅವಳ ಮುಂದೆ ಹರಡಿದರು.

"ನನಗೆ ಇದು ಅರ್ಥ ಆಗಿಲ್ಲಮ್ಮ. ಮೊದಲನೇ ಸಾಲಿಂದ ಹೇಳು."

ಅಸೆಮ್ ಕುರ್ಚಿ ಎಳೆದುಕೊಂಡು ಕೂತಳು. "ಹೋದ ಸಲ ನೀವು ಏನೂ ಕೇಳ್ಲೇ ಇಲ್ವಲ್ಲ. ಗೊತ್ತಿದೆ ಅಂದ್ಕೊಂಡೆ," ಅಂದಳು. ಆಮೇಲೆ ಮುಕ್ಕಾಲು ಗಂಟೆ ಹೇಳಿದಳು. ಡಿಸ್ಕ್‌ಗಳ ಅಳತೆ ಮಾಡಿಸಿದಳು. ಅವು ಸವೆಯದೆ ಇನ್ನೂ ದಪ್ಪ ಇದ್ದವು, ಪಟ್ಟಿಯಿಂದ ಹೋದವು. ಸುಗಂಧವೂ ಹೋಯಿತು. ಟೈರುಗಳಿಗೆ ವಯಸ್ಸಾಗಿದೆ, ಹಿಮ ಬಿದ್ದ ಮೇಲೆ ಕಾರು ತೆಗೆಯಲೇಬೇಡಿ ಅಂದಳು. ತೆಗೆದ ಹಳೇ ಪ್ಯಾಡು ತೋರಿಸುತ್ತೀರಾ ಅಂತ ಲ್ಯೂಬಾ ಕೇಳಿದ್ದಕ್ಕೆ ಚೀಲದಲ್ಲಿ ಹಾಕಿಕೊಡುತ್ತೇನೆ ಅಂದಳು. ಆ ದಿನ ಆದ ಖರ್ಚು ಐದು ಲಕ್ಷ ನಲವತ್ತು ಸಾವಿರ. ಕಡಿಮೆಯೇನಲ್ಲ. ಅಕ್ಕನ ಮೂರೂವರೆ ತಿಂಗಳ ಪಿಂಚಣಿ.

ಬರುವಾಗ ಓರಾಜ್ ಅಣ್ಣ ಹೇಳಿದರು: "ನಂಗೆ ಇನ್ನೂ ಅರ್ಧ ಅರ್ಥ ಆಗಿಲ್ಲ. ಎರಡು ಸೀಟಿನ ಕಾರಿಗೆ ನಾಲ್ಕು ಸೀಟಿನದಕ್ಕಿಂತ ಜಾಸ್ತಿ ಯಾಕೆ? ಆದ್ರೆ ದೀಪ ಆರಿಸೋನ ಹತ್ರ ಮಾತ್ರ ನಾನು ಇನ್ನು ಹೋಗಲ್ಲ." ತೋಟ ಮಾರಿದ ದುಡ್ಡಿನಲ್ಲಿ ಉಳಿದದ್ದನ್ನು ಈಗ ಕಾರಿಗೆಂದೇ ಬೇರೆ ಇಟ್ಟಿದ್ದಾರೆ. ಹಾಗೆ ಇಡಿ ಅಂದವರು ಓರಾಜ್ ಅಣ್ಣನೇ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ವೇಗದ ಹಳೇ ಕಾರೊಂದು ಅಗ್ಗಕ್ಕೆ ಸಿಗುತ್ತಿದೆಯೇ? ದುಡ್ಡು ಕೊಡುವ ಮೊದಲು ಅದನ್ನು ಸರ್ವಿಸ್ ಸೆಂಟರಿಗೆ ಒಯ್ದು ತೋರಿಸಿ. ಈ ವರ್ಷ ಎಷ್ಟು ಖರ್ಚು ಬರುತ್ತದೆ ಅಂತ ಬರೆಸಿಕೊಳ್ಳಿ. ಹಿಂದೆ ಏನೇನು ಮಾಡಿಸಿದ್ದಾರೆ ಅನ್ನುವ ದಾಖಲೆ ಕೇಳಿ. ಮಾರುವವನು ತೋರಿಸುವುದು ಬೇಡ ಅಂದರೆ ನೀವೂ ಆ ಕಾರು ಬೇಡ ಅನ್ನಿ. ಈಗಾಗಲೇ ತೆಗೆದುಕೊಂಡಿದ್ದರೆ, ದೊಡ್ಡ ಮೊತ್ತಕ್ಕೆ ಹೆದರಿ ಇಡೀ ಕಾಗದವನ್ನೇ ಮಡಚಿಡಬೇಡಿ. ಯಾವುದು ಇವತ್ತು ಆಗಲೇಬೇಕು, ಯಾವುದು ತಡೆಯುತ್ತದೆ ಅಂತ ಕೇಳಿ. ಬೇರೆ ಗ್ಯಾರೇಜಿಗೂ ಹೋಗಬಹುದು. ಆದರೆ ಅಂಥ ಕಾರಿನ ಕೆಲಸ ಬಲ್ಲವನ ಹತ್ತಿರ ಹೋಗಿ, ರಸೀದಿ ತೆಗೆದುಕೊಳ್ಳಿ.

ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಿ. ಕೌಂಟರಿನ ಆಚೆ ಕೂತವರಿಗೆ ಸಂಬಳ ಕೊಡುವುದು ಅದಕ್ಕೆ ಉತ್ತರ ಹೇಳಲಿಕ್ಕೇ.